ಮುಳುಗಿದ ಹಡಗೂ ನಮ್ಮ ಗೋಳಗುಮ್ಮಟವೂ

ಪರದೇಶಕ್ಕೆ ಹೋಗಿ ಬಂದವರಿಗೆ ನಮ್ಮ ಕಡೆ ಮೂರು ಪ್ರಶ್ನೆಗಳು ತಪ್ಪಿದ್ದಲ್ಲ. ಎಷ್ಟು ಖರ್ಚಾಯಿತು, ಊಟಕ್ಕೆ ಏನು ಮಾಡಿದಿರಿ, ಏನೇನು ನೋಡಿದಿರಿ? ಮೊದಲ ಎರಡಕ್ಕೆ ಉತ್ತರ ಸುಲಭ. ಮಗಳು, ಅಳಿಯ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಇರುವುದರಿಂದ ವಸತಿಗೆ ಖರ್ಚಿಲ್ಲ. ಊಟಕ್ಕೆ ವಿಜಯಪುರದಿಂದಲೇ ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ಮೂರನೆಯ ಪ್ರಶ್ನೆಗೆ ಮಾತ್ರ ಒಂದು ಮಾತಿನಲ್ಲಿ ಉತ್ತರ ಹೇಳಲಾಗದು. ಅದಕ್ಕಾಗಿ ಈ ವಾರದ ಅಂಕಣವನ್ನೇ ಮೀಸಲಿಟ್ಟಿದ್ದೇನೆ.

ಮೊದಲು ಭೂಗೋಳ. ನಮ್ಮ ವಿಜಯಪುರ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸ್ಟಾಕ್‌ಹೋಮ್ 59 ಡಿಗ್ರಿಗೂ ಮೇಲೆ. ಬೇಸಿಗೆ ರಜೆಯಲ್ಲಿ ನಾವು ಹೋದಾಗ ಇಲ್ಲಿ ನೆತ್ತಿ ಸುಡುವ ಬಿಸಿಲು, ಅಲ್ಲಿ ಸ್ವೆಟರ್ ಬೇಕು. ರಾತ್ರಿ ಒಂಬತ್ತೂವರೆಯಾದರೂ ಸೂರ್ಯ ಮುಳುಗುವುದಿಲ್ಲ. ಜೂನ್ ಮೂರನೆಯ ವಾರದಲ್ಲಿ ಅಲ್ಲಿ ಹಗಲು ಹದಿನೆಂಟೂವರೆ ತಾಸು. ಡಿಸೆಂಬರಿನಲ್ಲಿ ಬರೀ ಆರು ತಾಸು. ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ವಾಲಿದೆ ಎಂದು ನಾವು ಕರಿಹಲಗೆಯ ಮೇಲೆ ಬರೆಯುವ ಸಾಲನ್ನು ಅಲ್ಲಿಯ ಮಂದಿ ವರ್ಷವಿಡೀ ಕಣ್ಣಿನಿಂದಲೇ ನೋಡುತ್ತಾರೆ.

ಊರು ಹದಿನಾಲ್ಕು ನಡುಗಡ್ಡೆಗಳ ಮೇಲೆ ಹರಡಿದೆ. ಮೇಲಾರೆನ್ ಎಂಬ ಸಿಹಿನೀರಿನ ದೊಡ್ಡ ಸರೋವರ ಬಾಲ್ಟಿಕ್ ಸಮುದ್ರವನ್ನು ಸೇರುವ ಜಾಗ ಅದು. ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೋಗಲು ಸೇತುವೆ, ಇಲ್ಲವೇ ದೋಣಿ. ನಲ್ಲಿಯ ನೀರನ್ನು ಹಾಗೆಯೇ ಕುಡಿಯಬಹುದು. ಬಾಟಲಿ ನೀರಿಗೆ ದುಡ್ಡು ಸುರಿಯಬೇಕಿಲ್ಲ.

ವಿದ್ಯಾರ್ಥಿಗಳು ಸ್ಟಾಕ್‌ಹೋಮ್ ಎಂದೊಡನೆ ನೊಬೆಲ್ ಎನ್ನುತ್ತಾರೆ. ಸರಿಯೇ. ಶಾಂತಿ ಬಹುಮಾನವೊಂದನ್ನು ಬಿಟ್ಟು ಉಳಿದ ನೊಬೆಲ್ ಬಹುಮಾನಗಳನ್ನು ಪ್ರತಿ ಡಿಸೆಂಬರ್ 10ರಂದು ಇಲ್ಲಿಯೇ ಕೊಡುತ್ತಾರೆ. ಸಮಾರಂಭ ನಡೆಯುವ ಸಂಗೀತ ಭವನದ ಮುಂದೆ ದಿನವೂ ಕಾಯಿಪಲ್ಯೆ, ಹಣ್ಣು, ಹೂವಿನ ಸಂತೆ ಕೂಡುತ್ತದೆ. ನೋಡಿದಾಗ ನಮ್ಮ ಶಾಸ್ತ್ರಿ ಮಾರ್ಕೆಟ್ಟಿನ ನೆನಪಾಯಿತು. ಸರ್ ಸಿ. ವಿ. ರಾಮನ್ ಅವರು ಸ್ವೀಡನ್ನಿನ ದೊರೆ ಐದನೆಯ ಗುಸ್ತಾವನ ಕೈಯಿಂದ ಬಹುಮಾನ ಪಡೆದದ್ದು 1930ರಲ್ಲಿ, ಇದೇ ಊರಿನಲ್ಲಿ. ಮೂರು ವರ್ಷಗಳ ನಂತರ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದು ಕನ್ನಡ ನಾಡಿನವರೇ ಆದರು.

ಆದರೆ ಪಾಲಕರೇ, ಮಕ್ಕಳನ್ನು ಕರೆದುಕೊಂಡು ಆ ಊರಿಗೆ ಹೋಗುವ ಯೋಗ ನಿಮಗೆ ಬಂದರೆ ನೊಬೆಲ್ ಭವನಕ್ಕಿಂತ ಮೊದಲು ಇನ್ನೊಂದು ಜಾಗಕ್ಕೆ ಹೋಗಿರಿ. ಯೂರ್ಗೋರ್ಡನ್ ಎಂಬ ನಡುಗಡ್ಡೆಯ ವಾಸಾ ಸಂಗ್ರಹಾಲಯ. ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಟಿಕೇಟಿಲ್ಲ. ಬಾಗಿಲು ದಾಟಿದರೆ ಎದುರಿಗೆ ಕಾಣುವುದು ಅರಮನೆಯಲ್ಲ, ಸಿಂಹಾಸನವಲ್ಲ. ಕರಿ ಬಣ್ಣದ, 69 ಮೀಟರ್ ಉದ್ದದ ಒಂದು ಮರದ ಹಡಗು. ಅದು ಯಾವ ಯುದ್ಧವನ್ನೂ ಗೆಲ್ಲಲಿಲ್ಲ, ಯಾವ ದೇಶವನ್ನೂ ಕಂಡುಹಿಡಿಯಲಿಲ್ಲ. ಹೊರಟ ದಿನವೇ ಮುಳುಗಿತು.

ಕಥೆ ಹೀಗಿದೆ. ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್ ಪೋಲೆಂಡಿನೊಡನೆ ಯುದ್ಧ ಹೂಡಿದ್ದ. ಎರಡು ಅಟ್ಟಗಳಲ್ಲಿ ಸಾಲಾಗಿ ತೋಪುಗಳಿರುವ ಭಾರೀ ಹಡಗು ಅವನಿಗೆ ಬೇಕಾಗಿತ್ತು. ಹೆನ್ರಿಕ್ ಹೈಬರ್ಟ್ಸನ್ ಎಂಬ ಡಚ್ ಬಡಿಗ ಕೆಲಸ ಹಿಡಿದ. ಹಡಗು ಮುಗಿಯುವ ಮೊದಲೇ, 1627ರಲ್ಲಿ, ಅವನು ತೀರಿಕೊಂಡ. ಹೊರಡುವ ಮುನ್ನ ಒಂದು ಪರೀಕ್ಷೆಯೂ ಆಯಿತು. ಮೂವತ್ತು ಮಂದಿ ಅಟ್ಟದ ಒಂದು ಬದಿಯಿಂದ ಇನ್ನೊಂದು ಬದಿಗೆ ಒಟ್ಟಿಗೆ ಓಡಿದರು. ಮೂರು ಸಲ ಓಡುವುದರೊಳಗೆ ಹಡಗು ಹೊಯ್ದಾಡತೊಡಗಿತು. ಪಕ್ಕದಲ್ಲಿದ್ದ ಅಧಿಕಾರಿ ಓಟ ನಿಲ್ಲಿಸಿದ. ಹೊರಡುವುದನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ. ದೊರೆ ಅವಸರ ಮಾಡುತ್ತಿದ್ದ. ಇದು ಸರಿಯಿಲ್ಲ ಎಂದು ಅವನಿಗೆ ಹೇಳುವವರು ಯಾರು?

1628ರ ಆಗಸ್ಟ್ 10, ರವಿವಾರ. ದಂಡೆಯಲ್ಲಿ ಜನವೋ ಜನ. ಹಾಯಿ ಬಿಚ್ಚಿ ಸುಮಾರು 1,300 ಮೀಟರ್ ಹೋಗುವುದರೊಳಗೆ ಗಾಳಿಯ ಒಂದು ಹೊಡೆತಕ್ಕೆ ಹಡಗು ಎಡಕ್ಕೆ ವಾಲಿತು. ಕೆಳಗಿನ ಅಟ್ಟದ ತೋಪಿನ ಕಿಂಡಿಗಳು ತೆರೆದೇ ಇದ್ದವು. ಅವುಗಳಿಂದ ನೀರು ನುಗ್ಗಿತು. ಸುಮಾರು 30 ಜನ ಜೀವ ಕಳೆದುಕೊಂಡರು. ವಿಚಾರಣೆ ನಡೆಯಿತು. ದೋಷ ಯಾರದು ಎಂದು ಕೊನೆಗೂ ತೀರ್ಮಾನವಾಗಲಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ.

ಈ ಇಸವಿಗಳನ್ನು ಗಮನಿಸಿರಿ. 1627ರಲ್ಲಿ ನಮ್ಮ ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತೀರಿಕೊಂಡು ಮಹಮ್ಮದ್ ಆದಿಲ್‌ಶಾಹ ಪಟ್ಟಕ್ಕೆ ಬಂದ. ವಾಸಾ ಹಡಗು ಮುಳುಗಿದ ಕಾಲ, ಗೋಳಗುಮ್ಮಟ ಏಳತೊಡಗಿದ ಕಾಲ ಒಂದೇ. ಎರಡು ರಾಜಧಾನಿಗಳು, ಇಬ್ಬರು ತರುಣ ದೊರೆಗಳು, ಇಬ್ಬರಿಗೂ ಹಿಂದೆ ಯಾರೂ ಮಾಡದಂಥದನ್ನು ಮಾಡುವ ಹಂಬಲ. ಡಚ್ಚರು ಆಗ ಎರಡೂ ಕಡೆ ಇದ್ದರು. ಅಲ್ಲಿ ಹಡಗು ಕಟ್ಟಿದವನು ಡಚ್ಚನಾದರೆ, ಇಲ್ಲಿ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಚಿತ್ರ ಬರೆಯುತ್ತಿದ್ದ ಕಾರ್ನೆಲಿಸ್ ಹೇಡಾ ಹಾಲೆಂಡಿನ ಹಾರ್ಲೆಮ್ ಊರಿನವನು.

ಒಂದು ಮುಳುಗಿತು, ಇನ್ನೊಂದು ನಿಂತಿತು. ಯಾಕೆ? ಹತ್ತನೆಯ ಇಯತ್ತೆಯವರಿಗೂ ಅರ್ಥವಾಗುವ ಸಂಗತಿ ಇದು.

ಕಣಿಕೆ ಹೇರಿದ ಚಕ್ಕಡಿಯನ್ನು ಬಬಲೇಶ್ವರದ ಹಾದಿಯಲ್ಲಿ ನೀವೆಲ್ಲ ನೋಡಿದ್ದೀರಿ. ಹೇರು ಎತ್ತರವಾದಷ್ಟೂ ಚಕ್ಕಡಿ ತಗ್ಗು ದಿನ್ನೆಯಲ್ಲಿ ಹೊಯ್ದಾಡುತ್ತದೆ. ಅದೇ ತೂಕದ ಕಲ್ಲನ್ನು ತಳದಲ್ಲಿ ಹೇರಿದರೆ ಅಲುಗುವುದಿಲ್ಲ. ಭಾರ ಎಷ್ಟಿದೆ ಎಂಬುದರಷ್ಟೇ ಭಾರ ಎಲ್ಲಿದೆ ಎಂಬುದೂ ಮುಖ್ಯ. ಇಡೀ ವಸ್ತುವಿನ ತೂಕವೆಲ್ಲ ಒಂದು ಬಿಂದುವಿನಲ್ಲಿ ಕೂಡಿದೆ ಎಂದು ಭಾವಿಸಿದರೆ ಆ ಬಿಂದುವೇ ಗುರುತ್ವ ಕೇಂದ್ರ. ಅದು ಕೆಳಗಿದ್ದಷ್ಟೂ ವಸ್ತು ಭದ್ರ.

ವಾಸಾದಲ್ಲಿ 64 ತೋಪುಗಳಿದ್ದವು. ಅವುಗಳಲ್ಲಿ ದೊಡ್ಡವು ಒಂದೊಂದೂ ಒಂದು ಟನ್ನಿಗಿಂತ ಹೆಚ್ಚು ಭಾರ. ಆದರೆ ತೋಪುಗಳಿಗಿಂತ ಅವುಗಳನ್ನು ಹೊತ್ತ ಮೇಲಿನ ಅಟ್ಟಗಳ ಮರವೇ ಬೇಕಾದದ್ದಕ್ಕಿಂತ ಬಹಳ ಭಾರವಾಗಿತ್ತು. ನೀರಿನ ಕೆಳಗಿನ ಒಡಲು ಆ ಭಾರಕ್ಕೆ ಸಾಲುವಷ್ಟು ದೊಡ್ಡದಿರಲಿಲ್ಲ. ತಳದಲ್ಲಿ 120 ಟನ್ ಕಲ್ಲು ತುಂಬಿದ್ದರೂ ಸಾಲಲಿಲ್ಲ. ಇನ್ನಷ್ಟು ಕಲ್ಲು ತುಂಬಬಹುದಿತ್ತಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ತುಂಬಿದರೆ ಹಡಗು ಮತ್ತಷ್ಟು ಕೆಳಗಿಳಿಯುತ್ತದೆ. ತೋಪಿನ ಕಿಂಡಿಗಳು ನೀರಿಗೆ ಇನ್ನೂ ಹತ್ತಿರವಾಗುತ್ತವೆ.

ಇನ್ನೊಂದು ಸೋಜಿಗ. ಹಡಗಿನಲ್ಲಿ ಬಡಿಗರ ನಾಲ್ಕು ಅಳತೆಪಟ್ಟಿಗಳು ಸಿಕ್ಕಿವೆ. ಎರಡರಲ್ಲಿ ಸ್ವೀಡನ್ನಿನ ಫೂಟು, ಹನ್ನೆರಡು ಇಂಚಿನದು. ಇನ್ನೆರಡರಲ್ಲಿ ಆಮ್‌ಸ್ಟರ್‌ಡ್ಯಾಮಿನ ಫೂಟು, ಹನ್ನೊಂದು ಇಂಚಿನದು. ಹಡಗಿನ ಎಡ ಬಲ ಬದಿಗಳು ಸಮನಾಗಿಲ್ಲ ಎಂಬುದನ್ನೂ ಸಂಶೋಧಕರು ಅಳೆದು ತೋರಿಸಿದ್ದಾರೆ. ಉತ್ತರದ ಮುಂದೆ ಏಕಮಾನ ಬರೆಯಿರಿ ಎಂದು ವಿಜ್ಞಾನ ಮಾಸ್ತರರು ಯಾಕೆ ಗಂಟಲು ಹರಿದುಕೊಳ್ಳುತ್ತಾರೆ ಎಂಬುದು ಈಗ ತಿಳಿಯಿತೇ?

ಆ ಬಡಿಗರನ್ನು ದಡ್ಡರೆನ್ನುವ ಹಾಗಿಲ್ಲ. ಹಡಗು ಎಷ್ಟು ವಾಲಿದರೆ ಮತ್ತೆ ನೆಟ್ಟಗಾಗುತ್ತದೆ ಎಂದು ಲೆಕ್ಕ ಹಾಕುವ ವಿಧಾನವೇ ಆಗ ಇರಲಿಲ್ಲ. ಫ್ರಾನ್ಸಿನ ಪಿಯೆರ್ ಬೂಗೇರ್ ಅದನ್ನು ಪುಸ್ತಕದಲ್ಲಿ ವಿವರಿಸಿದ್ದು 1746ರಲ್ಲಿ, ಅಂದರೆ ನೂರಾ ಹದಿನೆಂಟು ವರ್ಷಗಳ ನಂತರ.

ಗೋಳಗುಮ್ಮಟ ಕಟ್ಟಿದವರ ಹತ್ತಿರವೂ ಇಂದಿನ ಸೂತ್ರಗಳಿರಲಿಲ್ಲ. ಹೊರವ್ಯಾಸ 44 ಮೀಟರಿನ ಗುಮ್ಮಟ, ನಡುವೆ ಒಂದೂ ಕಂಬವಿಲ್ಲ. ಗುಮ್ಮಟದ ಗುಣವೆಂದರೆ ತನ್ನ ಭಾರದಿಂದ ಬುಡವನ್ನು ಹೊರಕ್ಕೆ ತಳ್ಳುವುದು. ಅದನ್ನು ತಡೆಯಲು ಒಂದನ್ನೊಂದು ಕತ್ತರಿಸಿ ಹಾಯುವ ಎಂಟು ಕಮಾನುಗಳನ್ನು ಕಟ್ಟಿ, ಗಾರೆಯ ಭಾರವನ್ನು ಒಳಮುಖವಾಗಿ ಚಾಚಿದರು. ಹೊರಕ್ಕೆ ತಳ್ಳುವ ಬಲಕ್ಕೆ ಒಳಕ್ಕೆ ವಾಲುವ ಭಾರ ಸರಿತೂಗಿತು. ಉಳಿದದ್ದನ್ನು ಸುಮಾರು ಮೂರು ಮೀಟರ್ ದಪ್ಪದ ಗೋಡೆಗಳು ಹೊತ್ತವು. ಜುಮ್ಮಾ ಮಸೀದಿ, ಇಬ್ರಾಹಿಂ ರೋಜಾ ಮೊದಲಾದ ಗುಮ್ಮಟಗಳನ್ನು ಎಬ್ಬಿಸಿದ ಊರಿನ ಅನುಭವ ಅವರ ಬೆನ್ನಿಗಿತ್ತು. ಎರಡು ಪೂರ್ಣ ಅಟ್ಟಗಳ ತೋಪಿನ ಹಡಗು ಸ್ಟಾಕ್‌ಹೋಮಿನ ಬಡಿಗರಿಗೆ ಹೊಸತು.

ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಒಂದು ಖಾಲಿ ಡಬ್ಬಿಯನ್ನು ಬಕೆಟ್ ನೀರಿನಲ್ಲಿ ತೇಲಿಬಿಡಿರಿ. ತಳದಲ್ಲಿ ಒಂದು ಹಿಡಿ ಉಸುಕು ಹಾಕಿದರೆ ನೆಟ್ಟಗೆ ನಿಲ್ಲುತ್ತದೆ. ಉಸುಕು ತೆಗೆದು, ಅಷ್ಟೇ ತೂಕದ ಕಲ್ಲನ್ನು ಮುಚ್ಚಳದ ಮೇಲೆ ಇಟ್ಟು ಬೆರಳಿನಿಂದ ಮೆಲ್ಲಗೆ ತಟ್ಟಿರಿ. 1628ರಲ್ಲಿ ಏನಾಯಿತೆಂದು ಕಣ್ಣಾರೆ ಕಾಣುತ್ತದೆ.

ಮುಳುಗಿದ ಹಡಗಿನ ಮುಂದಿನ ಕಥೆಯೂ ವಿಜ್ಞಾನದ ಪಾಠವೇ. ಮೂವತ್ತೆರಡು ಮೀಟರ್ ಆಳದಲ್ಲಿ ಬಿದ್ದಿದ್ದ ಹಡಗಿನಿಂದ 1660ರ ದಶಕದಲ್ಲಿಯೇ ಐವತ್ತಕ್ಕೂ ಹೆಚ್ಚು ತೋಪುಗಳನ್ನು ಮೇಲೆತ್ತಿದರು. ಆಗ ಆಮ್ಲಜನಕದ ಸಿಲಿಂಡರ್ ಎಲ್ಲಿಯದು? ದೊಡ್ಡ ಗಂಟೆಯನ್ನು ಬೋರಲಾಗಿ ನೀರಿಗಿಳಿಸಿ, ಅದರೊಳಗೆ ಉಳಿದ ಗಾಳಿಯನ್ನು ಉಸಿರಾಡುತ್ತ ಮುಳುಗುಗಾರರು ಕೆಲಸ ಮಾಡಿದರು. ಲೋಟವನ್ನು ಬೋರಲಾಗಿ ನೀರಿನಲ್ಲಿ ಒತ್ತಿ ನೋಡಿರಿ, ಒಳಗೆ ಗಾಳಿ ಉಳಿಯುತ್ತದೆ.

ಆಮೇಲೆ ಜನ ಹಡಗನ್ನು ಮರೆತರು. 1956ರಲ್ಲಿ ಆಂಡರ್ಸ್ ಫ್ರಾನ್ಸೆನ್ ಎಂಬ ಎಂಜಿನಿಯರು, ತಾನೇ ಮಾಡಿಸಿದ ಕೊರೆಯುವ ಸಲಾಕೆಯನ್ನು ನೀರಿಗಿಳಿಸಿ, ತಳದಿಂದ ಕರಿ ಓಕ್ ಮರದ ಚೂರೊಂದನ್ನು ಎತ್ತಿದ. 1961ರ ಏಪ್ರಿಲ್ 24ರಂದು ಹಡಗು ಮೇಲೆ ಬಂತು. ಮುನ್ನೂರು ವರ್ಷ ಮರ ಕೊಳೆಯದೆ ಉಳಿದದ್ದು ಹೇಗೆ? ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ. ಮರ ಕೊರೆದು ತಿನ್ನುವ ಹಡಗುಹುಳು ಅಂಥ ನೀರಿನಲ್ಲಿ ಬದುಕುವುದಿಲ್ಲ.

ಎತ್ತಿದ್ದಾಯಿತು, ಒಣಗಿಸುವುದು ಹೇಗೆ? ಇದನ್ನು ತಿಕೋಟಾದವರಿಗೆ ನಾನು ಹೇಳಬೇಕಿಲ್ಲ. ದ್ರಾಕ್ಷಿ ಒಣಗಿದರೆ ಮಣೂಕ ಆಗುತ್ತದೆ. ಒಳಗಿನ ನೀರು ಹೋದಂತೆ ಮೈ ಕುಗ್ಗಿ ಸುಕ್ಕುಗಟ್ಟುತ್ತದೆ. ನೀರು ಕುಡಿದ ಮರವೂ ಹಾಗೆಯೇ. ಬಿಸಿಲಿಗಿಟ್ಟರೆ ಕುಗ್ಗಿ ಬಿರಿಯುತ್ತದೆ. ಅದಕ್ಕಾಗಿ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವನ್ನು ನೀರಿನಲ್ಲಿ ಕರಗಿಸಿ ಹಡಗಿನ ಮೇಲೆ ಸಿಂಪಡಿಸಿದರು. ನಾವು ಹಚ್ಚುವ ಮುಲಾಮುಗಳಲ್ಲಿಯೂ ಆ ವಸ್ತು ಇರುತ್ತದೆ. ಅದು ಮೆಲ್ಲಗೆ ಮರದೊಳಗಿನ ನೀರಿನ ಜಾಗ ಹಿಡಿಯಿತು. 1962ರಿಂದ 1979ರವರೆಗೆ ಹದಿನೇಳು ವರ್ಷ ಸಿಂಪಡಿಸಿದರು. ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಒಣಗಿಸಿದರು. ಸಂಗ್ರಹಾಲಯ ತೆರೆದದ್ದು 1990ರಲ್ಲಿ.

ಅಷ್ಟಕ್ಕೇ ಮುಗಿಯಲಿಲ್ಲ. 2000ದಲ್ಲಿ ಮರದ ಮೇಲೆ ಬಿಳಿ, ಹಳದಿ ಕಲೆಗಳು ಮೂಡಿದವು. ಹೊಲಸು ನೀರಿನಿಂದ ಮರ ಹೀರಿಕೊಂಡಿದ್ದ ಗಂಧಕ, ಕಬ್ಬಿಣದ ಸಂಗದಲ್ಲಿ ಗಾಳಿಗೆ ತೆರೆದುಕೊಂಡು ಗಂಧಕಾಮ್ಲವಾಗುತ್ತಿತ್ತು. 2011ರಿಂದ 2018ರವರೆಗೆ ಐದು ಸಾವಿರಕ್ಕೂ ಹೆಚ್ಚು ಕಬ್ಬಿಣದ ಬೋಲ್ಟುಗಳನ್ನು ತೆಗೆದು ತುಕ್ಕು ಹಿಡಿಯದ ಉಕ್ಕಿನವನ್ನು ಕೂಡಿಸಿದರು. ಮುಳುಗಿದವರ ಅಸ್ಥಿಗಳ ವಿಷಯವೂ ಹೀಗೆಯೇ. ಅವರ ಹೆಸರು ತಿಳಿಯದ್ದರಿಂದ ಒಂದೊಂದು ಅಸ್ಥಿಪಂಜರಕ್ಕೆ ಒಂದೊಂದು ಅಕ್ಷರ ಕೊಟ್ಟಿದ್ದರು. 'ಜಿ' ಎಂಬುದನ್ನು ಬಹುಕಾಲ ಗಂಡಸಿನದೆಂದೇ ತಿಳಿದಿದ್ದರು. ಡಿಎನ್‌ಎ ಪರೀಕ್ಷೆಯಿಂದ ಅದು ಹೆಂಗಸಿನದೆಂದು ಗೊತ್ತಾಯಿತು. 2023ರಲ್ಲಿ ಸಂಗ್ರಹಾಲಯದವರೇ ಅದನ್ನು ಪ್ರಕಟಿಸಿದರು.

ಮಕ್ಕಳ ಸಾಲಿನ ಹಿಂದೆ ನಿಂತು ನಾನು ಗಮನಿಸಿದ ಸಂಗತಿ ಇದು. ಅಲ್ಲಿಯ ಮಾಸ್ತರರು ತಮ್ಮ ದೇಶದ ದೊಡ್ಡ ಸೋಲನ್ನು ಮಕ್ಕಳಿಗೆ ತೋರಿಸುವಾಗ ದನಿ ಇಳಿಸುವುದಿಲ್ಲ. ಎಲ್ಲಿ ತಪ್ಪಿತು ಹೇಳಿ ನೋಡೋಣ ಎಂದು ಕೇಳುವ ಹಾಗೆ ಇಡೀ ಕಟ್ಟಡವನ್ನು ಅಣಿಗೊಳಿಸಿದ್ದಾರೆ. ಸೋಲನ್ನು ಮುಚ್ಚಿಟ್ಟಿದ್ದರೆ ಇಷ್ಟು ಪಾಠ ಎಲ್ಲಿಂದ ಸಿಗುತ್ತಿತ್ತು? ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಬಡಿಗರ ತಂಡ ಮುಂದೆ 'ಎಪ್ಲೆಟ್' ಎಂಬ ಹಡಗನ್ನು ಕಟ್ಟಿತು. ಈ ಸಲ ಅಗಲ ಹೆಚ್ಚಿಸಿದರು. 1629ರಲ್ಲಿ ನೀರಿಗಿಳಿದ ಅದು ಮೂವತ್ತು ವರ್ಷ ಬಾಳಿತು. ಹಳತಾದ ಮೇಲೆ 1659ರಲ್ಲಿ ಅದನ್ನು ತಾವಾಗಿಯೇ ಮುಳುಗಿಸಿದರು. 2021ರಲ್ಲಿ ಅದರ ಅವಶೇಷವೂ ಸಿಕ್ಕಿದೆ.

ಈಗ ನಮ್ಮ ಊರಿಗೆ ಬರೋಣ. ತಿಕೋಟಾ ಕಡೆಯ ಒಂದು ಹಳ್ಳಿಯ ಹುಡುಗ ನನ್ನ ವಿದ್ಯಾರ್ಥಿ. ಈ ವರ್ಷ ಹತ್ತನೆಯ ಇಯತ್ತೆಯ ಪರೀಕ್ಷೆಯಲ್ಲಿ ಎರಡು ವಿಷಯಗಳಲ್ಲಿ ನಪಾಸಾದ. ನಾನು ಮರಳಿ ಬಂದ ಮೇಲೆ ಅವನ ಮನೆಗೆ ಹೋದೆ. ಅಂಕಪಟ್ಟಿ ಟ್ರಂಕಿನಲ್ಲಿ ಸೇರಿತ್ತು. ಬೀಗರ ಮುಂದೆ ಹುಡುಗ ಪಾಸಾಗಿದ್ದಾನೆ ಎಂದೇ ಹೇಳಿದ್ದರು. ಹುಡುಗ ಎಲ್ಲಿ ಎಂದು ಕೇಳಿದೆ.

“ಮಣೂಕ ಶೆಡ್ಡಿಗಿ ಹಚ್ಚೇನ್ರಿ ಸರ. ಓದು ಅವನ ತಲಿಗಿ ಹತ್ತಂಗಿಲ್ಲ,” ಎಂದರು ತಂದೆ.

“ಇನ್ನೊಮ್ಮೆ ಪರೀಕ್ಷಾಕ್ಕ ಕೂಡಸ್ರೆಲಾ.”

“ಮತ್ತ ನಪಾಸಾದ್ರ ಮಂದಿಗಿ ಏನ್ ಹೇಳೂದ್ರಿ ಸರ?”

ವಾಸಾ ಹಡಗಿನ ಕಥೆಯನ್ನು ಅವರಿಗೆ ಹೇಳಿದೆ. ಫೋನಿನಲ್ಲಿ ಚಿತ್ರ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ನಾನು ಕೇಳಿದೆ, “ನೀವು ಮೊದಲ ವರ್ಷ ಮಾಡಿದ ಮಣೂಕ ಹೆಂಗ್ ಬಂದಿತ್ರಿ?”

“ಅದನ್ನೇನ್ ಕೇಳ್ತೀರಿ! ಪೂರಾ ಕರ್ರಗಾಗಿತ್ತು. ಅದ್ದೂ ಎಣ್ಣಿ, ಪೌಡರು ಪ್ರಮಾಣ ತಪ್ಪಿತ್ತು. ರೇಟೇ ಸಿಗಲಿಲ್ಲ.”

“ಮರುವರ್ಷ ದ್ರಾಕ್ಷಿ ಬಿಟ್ರೇನು?”

ಅವರು ಮಾತಾಡಲಿಲ್ಲ. ಒಳಗಿನಿಂದ ಹುಡುಗನ ತಾಯಿ ಮಾತ್ರ, “ಆ ವರ್ಷ ಮೂರು ಮಂದಿ ಹತ್ರ ಹೋಗಿ ಕೇಳಿ ಬಂದಿದ್ರು ನೋಡ್ರಿ ಸರ,” ಎಂದರು.

ಆ ವಾರವೇ ಹುಡುಗ ಮರುಪರೀಕ್ಷೆಯ ಅರ್ಜಿ ತುಂಬಿದ. ಉತ್ತರಪತ್ರಿಕೆಯ ನಕಲು ತರಿಸಿಕೊಂಡು ಇಬ್ಬರೂ ಕುಳಿತು ನೋಡಿದೆವು. ವಿಜ್ಞಾನದಲ್ಲಿ ಅವನಿಗೆ ತಿಳಿಯದ ಪಾಠಗಳು ಎರಡೇ: ವಿದ್ಯುತ್ತು ಮತ್ತು ಬೆಳಕು. ಉಳಿದೆಡೆ ಅಂಕ ಹೋದದ್ದು ಚಿತ್ರಕ್ಕೆ ಹೆಸರು ಗುರುತಿಸದೆ, ಏಕಮಾನ ಬರೆಯದೆ. ತಪ್ಪು ಎಲ್ಲಿದೆ ಎಂದು ತಿಳಿದ ಮೇಲೆ ಹುಡುಗನ ಮುಖದ ಹೆದರಿಕೆ ಅರ್ಧ ಇಳಿಯಿತು. ಫಲಿತಾಂಶ ಇನ್ನೂ ಬರಬೇಕು. ಅವನೀಗ ಬೆಳಿಗ್ಗೆ ಓದುತ್ತಾನೆ, ಮಧ್ಯಾಹ್ನ ಶೆಡ್ಡಿಗೆ ಹೋಗುತ್ತಾನೆ.

ಸ್ಟಾಕ್‌ಹೋಮಿಗೆ ಎಲ್ಲರೂ ಹೋಗಲಾಗದು, ಹೋಗಬೇಕೆಂದೂ ಇಲ್ಲ. ನಮ್ಮ ವಿಜಯಪುರದಲ್ಲಿಯೇ ಬಾರಾ ಕಮಾನ್ ಇದೆ. ಎರಡನೆಯ ಅಲಿ ಆದಿಲ್‌ಶಾಹ ತನಗಾಗಿ ಕಟ್ಟಿಸತೊಡಗಿದ ಗೋರಿ. 1672ರಲ್ಲಿ ಅವನು ತೀರಿಕೊಂಡ, ಕಟ್ಟಡ ಪೂರ್ತಿಯಾಗಲಿಲ್ಲ. 1686ರಲ್ಲಿ ಔರಂಗಜೇಬ ರಾಜ್ಯವನ್ನೇ ಗೆದ್ದುಕೊಂಡ. ಮಂದಿ ಅಲ್ಲಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ಆದರೆ ಗೋಳಗುಮ್ಮಟದಲ್ಲಿ ಗಾರೆಯ ಹಿಂದೆ ಅಡಗಿರುವ ಕಮಾನಿನ ಕಟ್ಟಣೆಯನ್ನು ಇಲ್ಲಿ ಬಯಲಿನಲ್ಲಿ ನೋಡಬಹುದು. ಕಲ್ಲು ಕಲ್ಲಿಗೆ ಹೇಗೆ ಆನಿಕೊಂಡಿದೆ, ನಡುಗಲ್ಲು ಎಲ್ಲಿದೆ, ಭಾರ ಯಾವ ಕಡೆ ಹರಿದು ನೆಲಕ್ಕಿಳಿಯುತ್ತದೆ ಎಂಬುದೆಲ್ಲ ತೆರೆದಿಟ್ಟ ಪುಸ್ತಕದಂತಿದೆ. ಪೂರ್ತಿಯಾಗದ ಕಟ್ಟಡ ಕಲಿಸುವುದನ್ನು ಪೂರ್ತಿಯಾದದ್ದು ಕಲಿಸಲಾರದು.

ಬಬಲೇಶ್ವರದಿಂದ, ತಿಕೋಟಾದಿಂದ ಬರುವ ಪಾಲಕರಲ್ಲಿ ನನ್ನದೊಂದು ವಿನಂತಿ. ಮುಂದಿನ ರವಿವಾರ ಸಂತೆಗೋ ದವಾಖಾನೆಗೋ ವಿಜಯಪುರಕ್ಕೆ ಬಂದಾಗ ಮಕ್ಕಳನ್ನು ಮೊದಲು ಗೋಳಗುಮ್ಮಟಕ್ಕೆ, ಆಮೇಲೆ ಬಾರಾ ಕಮಾನಿಗೆ ಕರೆದೊಯ್ಯಿರಿ. ಇದು ಯಾಕೆ ನಿಂತಿತು, ಅದು ಯಾಕೆ ಮುಗಿಯಲಿಲ್ಲ ಎಂದು ಕೇಳಿರಿ. ಉತ್ತರ ಗೊತ್ತಿಲ್ಲದಿದ್ದರೆ ಶಾಲೆಗೆ ಬಂದು ನಮ್ಮಂಥವರನ್ನು ಕೇಳಲಿ. ಮನೆಗೆ ಮರಳಿದ ಮೇಲೆ ಮಗನ ಅಥವಾ ಮಗಳ ಕಡಿಮೆ ಅಂಕದ ಉತ್ತರಪತ್ರಿಕೆಯನ್ನು ಬೈಯದೆ ತೆಗೆಸಿ, ಅವರ ಪಕ್ಕದಲ್ಲಿ ಕುಳಿತು, ಎಲ್ಲಿ ತಪ್ಪಿತು ಎಂದು ಒಟ್ಟಿಗೆ ನೋಡಿರಿ. ಅರ್ಧ ತಾಸು ಸಾಕು.